ಗೋಡೆಯೊಳಗಿನ ಮೋಳೆ

ಗೋಡೆಗೆ ಅಮ್ಮ ಬಂದಿದೆ ಎಂದು ಮೊದಲು ಹೇಳಿದವಳು ಭವನದಲ್ಲಿ ಕಸ ಗುಡಿಸುವ ಹೆಂಗಸು. ನಾನು ಬೆಳಗಿನ ಬಸ್ಸಿಳಿದು ಬಂದು ಚೀಲ ಇಳಿಸುವುದಕ್ಕೂ ಬಿಡದೆ ಕರೆದುಕೊಂಡು ಹೋಗಿ ತೋರಿಸಿದಳು. ನನ್ನ ಚಿತ್ರದಲ್ಲಿ ಕಪಿಲಾ ನದಿಯ ನೀರನ್ನು ಅರ್ಧ ಬರೆದು ಮುಗಿಸಿದ್ದ ಜಾಗದಲ್ಲೆಲ್ಲ ಸಾಸಿವೆ ಗಾತ್ರದ ಗುಳ್ಳೆಗಳೆದ್ದಿದ್ದವು. ಉಗುರಿನಿಂದ ಒಂದನ್ನು ಒತ್ತಿದೆ. ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು, ಒಳಗಿಂದ ಬಿಳಿ ಪುಡಿ ಉದುರಿತು. ಬೇವಿನ ಸೊಪ್ಪು ಕಟ್ಟಿ ಎಂದು ಅವಳು ತಮಾಷೆ ಮಾಡಿದಳು. ನನಗೆ ನಗು ಬರಲಿಲ್ಲ.

ಅದು ಫ್ಲೆಕ್ಸ್ ಎನ್ನುವ ಮಾರಿ ಮೈಸೂರಿಗೆ ಬಂದು ನಮ್ಮ ಕಡೆಗೂ ಕಾಲಿಡುತ್ತಿದ್ದ ಕಾಲ. ನಂಜನಗೂಡಿನಲ್ಲಿ ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಶಾಲೆಯ ಗೋಡೆ ಬರೆಯುತ್ತಿದ್ದ ನಮ್ಮಂಥವರು ಒಬ್ಬೊಬ್ಬರಾಗಿ ಕುಂಚ ತೊಳೆದಿಟ್ಟು ಬೇರೆ ಕೆಲಸ ಹುಡುಕುತ್ತಿದ್ದರು. ಅಂಥ ಹೊತ್ತಿನಲ್ಲಿ ಒಂದು ಇಡೀ ಗೋಡೆಗೆ ಚಿತ್ರ ಬರೆಯಿರಿ ಎಂದು ಕರೆ ಬಂದರೆ ಯಾರು ಬಿಟ್ಟಾರು? ಅಕ್ಷರ ಬರೆದು ಬರೆದು ಸಾಕಾಗಿದ್ದ ನನಗೆ ನದಿ, ಹೊಲ, ಆಕಾಶ ಬರೆಯುವ ಅವಕಾಶ ಅದೊಂದೇ ಸಿಕ್ಕಿದ್ದು. ಅದಕ್ಕೇ ಆ ಗೋಡೆಯ ಮೇಲೆ ಮೊದಲು ಅಷ್ಟು ಆಸೆ, ಆಮೇಲೆ ಅಷ್ಟೇ ಸಿಟ್ಟು.

ಊರು, ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿ ನಾಲೆ ದಾಟಿದ ಮೇಲೆ ಸಿಗುವ ಒಂದು ಮೋಳೆ. ನಮ್ಮ ಕಡೆ ಮೋಳೆ ಎಂದರೆ ಉಪ್ಪಾರರ ಊರು. ಅವರ ಹಿರಿಯರು ಚೌಳು ನೆಲದ ಮೇಲ್ಮಣ್ಣನ್ನು ಕೆರೆದು, ಗುಂಡಿಯಲ್ಲಿ ನೀರು ಹೊಯ್ದು ಬಸಿದು, ಆ ನೀರನ್ನು ಗಾರೆಯ ಪಾತಿಗಳಲ್ಲಿ ಬಿಸಿಲಿಗಿಟ್ಟು ಉಪ್ಪು ತೆಗೆಯುತ್ತಿದ್ದರು. ಬಸಿದು ಉಳಿದ ಮಣ್ಣನ್ನು ಒಂದು ಕಡೆ ಸುರಿಯುತ್ತಿದ್ದರು. ತಲೆಮಾರುಗಳ ಕಾಲ ಸುರಿದ ಮಣ್ಣು ದಿಬ್ಬವಾಯಿತು. ಆ ದಿಬ್ಬವೇ ಮೋಳೆ, ಅದರ ಮಗ್ಗುಲಲ್ಲಿ ಬೆಳೆದ ಊರಿಗೂ ಅದೇ ಹೆಸರು. ಸಮುದ್ರದ ಉಪ್ಪು ಅಂಗಡಿಗೆ ಬಂದ ಮೇಲೆ ಆ ಕೆಲಸ ನಿಂತುಹೋಗಿ, ಜನ ನಾಲೆ ತೋಡುವುದಕ್ಕೆ, ಮನೆ ಕಟ್ಟುವುದಕ್ಕೆ, ಗದ್ದೆ ಕೆಲಸಕ್ಕೆ ಹೋದರು. ಆಮೇಲೆ ಕೆಲವರು ಸರ್ಕಾರಿ ನೌಕರಿಯನ್ನೂ ಹಿಡಿದರು. ಎಲ್ಲರೂ ಸೇರಿ ಒಂದು ಸಮುದಾಯ ಭವನ ಕಟ್ಟಿದ್ದರು. ಯುಗಾದಿ ಕಳೆದ ಮೇಲೆ ಮಂತ್ರಿಗಳು ಬಂದು ಉದ್ಘಾಟಿಸುವುದೆಂದು ಗೊತ್ತಾಗಿತ್ತು. ವೇದಿಕೆಯ ಹಿಂದಿನ ಗೋಡೆ ನನ್ನ ಪಾಲಿಗೆ ಬಂದಿತ್ತು.

ನನ್ನನ್ನು ಕರೆಸಿದವರು ಆ ಊರಿನಿಂದ ಓದಿ ಮುಂದೆ ಬಂದ ಮೊದಲ ಮೇಷ್ಟ್ರು. ನಿವೃತ್ತರಾಗಿ ಕೆಲವು ವರ್ಷ ಆಗಿತ್ತು. ಎಮ್ಮೆಯನ್ನು ಗದರಿಸುವಾಗಲೂ ಪಠ್ಯಪುಸ್ತಕದ ಕನ್ನಡ ಆಡುವ ಮನುಷ್ಯ. ಚಿತ್ರ ಅವರ ಕನಸು. ಎಡಕ್ಕೆ ನಂಜನಗೂಡಿನ ಗೋಪುರ, ಬಲಕ್ಕೆ ನರಸೀಪುರದಲ್ಲಿ ಕಾವೇರಿ ಕಪಿಲೆ ಕೂಡುವ ಜಾಗ, ಎರಡರ ನಡುವೆ ನದಿ, ನದಿಯ ದಡದಲ್ಲಿ ಮೋಳೆ, ಉಪ್ಪಿನ ಪಾತಿ, ಮಣ್ಣು ಕೆರೆಯುವ ಹೆಂಗಸರು. ನಮ್ಮವರು ಯಾರು ಎಂಬುದು ನಮ್ಮ ಮಕ್ಕಳಿಗೆ ಈ ಗೋಡೆ ನೋಡಿ ಗೊತ್ತಾಗಬೇಕು ಎನ್ನುತ್ತಿದ್ದರು. ಭವನ ಸಮಿತಿಯ ಅಧ್ಯಕ್ಷರು ನಾಲೆ ಕಾಮಗಾರಿಯ ಗುತ್ತಿಗೆದಾರರು, ಮೇಷ್ಟ್ರ ಕೈಯಲ್ಲೇ ಏಟು ತಿಂದು ಓದಿದವರು. ಅವರಿಗೆ ಬೇಕಾದದ್ದು ಗಂಗೆಯನ್ನು ಭೂಮಿಗಿಳಿಸಿದ ಋಷಿ. ಮೋಳೆಯವರು ತಮ್ಮ ಮೂಲಪುರುಷ ಎಂದು ನಂಬುವುದು ಅವನನ್ನು. ಉಪ್ಪು ಕೆರೆಯುವ ಹೆಂಗಸರನ್ನು ಮಂತ್ರಿಗೆ ತೋರಿಸಿ ಮಾನ ಕಳೆಯಬೇಡಿ ಎಂಬುದು ಅವರ ವಾದ.

ಸಭೆ ಮೇಲೆ ಸಭೆ ನಡೆಯಿತು. ಕೊನೆಗೆ ನಾನೇ ರಾಜಿ ಮಾಡಿಸಿದೆ. ಮೋಡಗಳನ್ನು ಜಟೆಯ ಹಾಗೆ ಬರೆದು ಅದರಿಂದ ನದಿ ಇಳಿಸುತ್ತೇನೆ, ಋಷಿಯೂ ಬಂದ ಹಾಗಾಯಿತು. ಉಪ್ಪಿನ ನೆಲವನ್ನು ದೂರದಲ್ಲಿ ಸಣ್ಣದಾಗಿ ಇಡುತ್ತೇನೆ, ಅದೂ ಇದ್ದ ಹಾಗಾಯಿತು ಎಂದೆ. ಜಟೆ ಶಿವನದಲ್ಲವೇ ಎಂದು ಯಾರೋ ಕೇಳಿದರು. ಇಬ್ಬರಿಗೂ ಇದೆ ಎಂದು ಮೇಷ್ಟ್ರು ಬಾಯಿ ಮುಚ್ಚಿಸಿದರು. ಅಧ್ಯಕ್ಷರು ಒಂದೇ ಷರತ್ತು ಹಾಕಿದರು. ಉದ್ಘಾಟನೆಗೆ ಚಿತ್ರ ಸಿದ್ಧವಿರದಿದ್ದರೆ ಋಷಿಯ ಚಿತ್ರ ಅಚ್ಚು ಹಾಕಿಸಿದ ಟೈಲ್ಸನ್ನು ಆ ಗೋಡೆಗೆ ಮೆತ್ತಿಸುವುದು. ಟೈಲ್ಸು ಒಮ್ಮೆ ಕೂತರೆ ಕೂತಿತು. ಉಪ್ಪಿನ ನೆಲ ಆ ಊರಿನ ಗೋಡೆಯ ಮೇಲೆ ಇನ್ನೆಂದೂ ಬರುತ್ತಿರಲಿಲ್ಲ.

ಮಧ್ಯಾಹ್ನದ ಊಟ ಮೇಷ್ಟ್ರ ಮನೆಯಲ್ಲಿ. ಬಡಿಸುತ್ತಿದ್ದವರು ಅವರ ಅಕ್ಕ, ಗಂಡ ಹೋದ ಮೇಲೆ ತಮ್ಮನ ಮನೆಗೇ ಬಂದು ನೆಲೆಸಿದವರು. ಉಪ್ಪು ತೆಗೆದ ಕೈ ಎಂದು ಆ ಊರಿನಲ್ಲಿ ಉಳಿದಿದ್ದದ್ದು ಅವರದೊಂದೇ. ಹುಡುಗಿಯಾಗಿದ್ದಾಗ ತಾಯಿಯ ಜೊತೆ ಮಾಡಿದ್ದರಂತೆ. ಕೆರೆಯುವಾಗ ಬಗ್ಗಿ ನಿಲ್ಲುತ್ತಿದ್ದಿರೋ, ಕುಕ್ಕರಗಾಲಿನಲ್ಲಿ ಕೂರುತ್ತಿದ್ದಿರೋ, ಕೈಯಲ್ಲಿ ಏನು ಹಿಡಿಯುತ್ತಿದ್ದಿರಿ ಎಂದು ಕೇಳಿದೆ. ಸಾರಿನ ಪಾತ್ರೆ ಕೆಳಗಿಟ್ಟು ಅವರು ಹೇಳಿದ್ದು ಇಷ್ಟು.

“ಆ ಕಾಲವ ಯಾಕ್ ಸಾ ಗ್ವಾಡ ಮ್ಯಾಕ ತತ್ತೀರಿ? ಉಪ್ಪ ತಲ ಮ್ಯಾಲ ಒತ್ಕಂಡು ಅಳ್ಳಿ ಅಳ್ಳಿಗೂ ಓಯ್ತಿದ್ದೊ. ಉಪ್ಪು ಎಲ್ರಿಗೂ ಬೇಕಿತ್ತು, ನಮ್ಮನ್ನ ಮಾತ್ರ ಜಗಲಿ ಕೆಳಗೇ ನಿಲ್ಲುಸ್ತಿದ್ರು. ಸಾಕು ಬುಡಿ.”

ಮೇಷ್ಟ್ರು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ನಾನು ಮತ್ತೆ ಕೇಳಲಿಲ್ಲ. ತೋಚಿದ ಹಾಗೆ ಬಗ್ಗಿ ನಿಂತ ಮೂವರು ಹೆಂಗಸರನ್ನು ಸ್ಕೆಚ್ಚಿನಲ್ಲಿ ಸೇರಿಸಿಕೊಂಡೆ.

ಗುಳ್ಳೆ ಕಂಡ ದಿನ ನಾನು ಅಷ್ಟೇನೂ ಹೆದರಲಿಲ್ಲ. ಹೊಸ ಗಾರೆ ಪೂರ್ತಿ ಒಣಗಿಲ್ಲ, ಗೋಡೆಯ ಹಿಂದೆಯೇ ಗದ್ದೆ, ತೇವ ಎಳೆಯುತ್ತಿದೆ ಅಂದುಕೊಂಡೆ. ಎದ್ದ ಬಣ್ಣವನ್ನೆಲ್ಲ ಕೆರೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಬಿಳಿ ಪುಡಿ ಹೋಗಲಿ ಎಂದು ಬಕೆಟ್ಟುಗಟ್ಟಲೆ ನೀರು ಹಾಕಿ ತೊಳೆದೆ. ಅದು ಕೆಟ್ಟ ಕೆಲಸವಾಯಿತು. ನೀರು ಆ ಪುಡಿಯನ್ನು ಕರಗಿಸಿಕೊಂಡು ಗಾರೆಯೊಳಗೇ ಹೋಗಿ, ಒಣಗುವಾಗ ಮೊದಲಿಗಿಂತ ಹೆಚ್ಚನ್ನೇ ಹೊರಗೆ ತಂದಿತು. ಗೋಡೆಯ ಮೇಲೆ ಬೆಕ್ಕಿನ ಮೀಸೆಯಂಥ ಬಿಳಿ ಎಳೆಗಳು. ಊದಿದರೆ ಹಾರುತ್ತಿದ್ದವು.

ಎರಡನೇ ಸಲ ನೀರು ಮುಟ್ಟಿಸಲಿಲ್ಲ. ಒಣ ಬ್ರಷ್ಷಿನಲ್ಲೇ ಗುಡಿಸಿ, ಎಣ್ಣೆ ಪ್ರೈಮರ್ ಎರಡು ಕೋಟು ಹೊಡೆದು ಗೋಡೆಯ ಬಾಯಿ ಮುಚ್ಚಿಸಿದೆ. ಲಾರಿಯ ತಗಡಿಗೆ ಹಿಡಿಯುವ ಬಣ್ಣ, ಗಾರೆಗೆ ಹಿಡಿಯದೆ ಎಲ್ಲಿ ಹೋದೀತು ಎಂಬ ಧೈರ್ಯ. ಗೋಡೆ ಹಾಲಿನ ಹಾಗೆ ಹೊಳೆಯಿತು. ಅದರ ಮೇಲೆ ಚೌಕ ಹಾಕಿ ಸ್ಕೆಚ್ಚು ಏರಿಸಿ, ದೂರದ್ದಕ್ಕೆ ತೆಳು ನೀಲಿ, ಹತ್ತಿರದ್ದಕ್ಕೆ ದಟ್ಟ ಹಸಿರು ಇಟ್ಟು, ಮೋಡ, ಗೋಪುರ, ಸಂಗಮ ಎಲ್ಲವನ್ನೂ ತಂದೆ. ನೀರಿನ ಮೇಲೆ ಬೆಳಕು ಬಿದ್ದ ಗೆರೆಗಳನ್ನು ಒಣ ಕುಂಚದಲ್ಲಿ ಎಳೆದೆ. ಅಂಥ ನೀರನ್ನು ನಾನು ಜೀವಮಾನದಲ್ಲಿ ಬರೆದಿರಲಿಲ್ಲ. ಮೇಷ್ಟ್ರು ಬಂದು ನೋಡಿ ಕಣ್ಣು ಒರೆಸಿಕೊಂಡರು. ಮುಂದಿನ ವಾರ ಬಂದು ನೋಡಿದರೆ ಕೆಳಭಾಗವೆಲ್ಲ ಹಪ್ಪಳದಂತೆ ಉಬ್ಬಿ ನಿಂತಿತ್ತು. ಮುಟ್ಟಿದೆ. ಅಂಗೈಯಗಲದ ಹಕ್ಕಳೆಯೊಂದು ಕಳಚಿ ಕಾಲ ಮೇಲೆ ಬಿತ್ತು. ಅದರಲ್ಲಿ ನಾನು ಬರೆದ ನೀರಿತ್ತು.

ಮೈಸೂರಿನ ಪೇಂಟ್ ಅಂಗಡಿಯವರು ಒಂದು ಮದ್ದು ಹೇಳಿದರು. ಅದನ್ನೂ ಬಳಿದೆ, ಅದನ್ನೂ ಗೋಡೆ ಉಗುಳಿತು. ಊರಿನಲ್ಲಿ ಮಾತು ಶುರುವಾಯಿತು. ಮೂಲಪುರುಷನ ಮುಖ ಬರೆಯದೆ ಬರೀ ಜಟೆ ಬರೆದರೆ ಗೋಡೆ ಒಪ್ಪುತ್ತದೆಯೇ ಎಂದರು. ಅಧ್ಯಕ್ಷರು ಟೈಲ್ಸಿನ ಸ್ಯಾಂಪಲ್ ತಂದು ವೇದಿಕೆಯ ಮೂಲೆಗೆ ಒರಗಿಸಿ ಹೋದರು. ಹೊಳೆಯುವ ಋಷಿ, ಗುಲಾಬಿ ಕೆನ್ನೆ, ಹಿಂದೆ ಹಿಮದ ಬೆಟ್ಟ. ನಾನು ಸಾರುವೆಯ ಹಲಗೆ ಮೇಲೆ ಕೂತು ಅತ್ತೆ. ಹಾಗೆ ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನದು ಬಾಯೊಳಗೆ ಹೋಗಿಯೂ ಆಚೆಗೆ ಬಂದಿತ್ತು.

ಅತ್ತು ಮುಗಿದ ಮೇಲೆ ಗೋಡೆಯನ್ನು ನೋಡಿದೆ. ಹಾಳಾಗಿದ್ದದ್ದು ಎದೆಯ ಎತ್ತರದವರೆಗೆ ಮಾತ್ರ. ಅದರ ಮೇಲಿನ ಆಕಾಶ, ಮೋಡ, ಗೋಪುರದ ತುದಿ ಎಲ್ಲ ನಿನ್ನೆ ಬರೆದ ಹಾಗಿದ್ದವು. ಒಂದೇ ಗೋಡೆ, ಒಂದೇ ಬಣ್ಣ. ಉಳಿ ತಂದು ಕೆಳಗೊಂದು ಕಡೆ ಗಾರೆ ಒಡೆದೆ. ಸಿಮೆಂಟಿನ ಬೂದು ಬಣ್ಣದ ನಡುವೆ ಕಂದು ಮಣ್ಣಿನ ಎಳೆಗಳು. ಒಂದು ಚೂರು ನಾಲಿಗೆಗೆ ಮುಟ್ಟಿಸಿದೆ. ಉಪ್ಪು.

ಗಾರೆ ಮಾಡಿದವನನ್ನು ಹುಡುಕಿಕೊಂಡು ನರಸೀಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಯಾವುದೋ ಅಂಗಡಿಗೆ ಗಾರೆ ಮೆತ್ತುತ್ತಿದ್ದ. ಕೇಳಿದ ತಕ್ಷಣ, ಅದರಲ್ಲೇನಿದೆ ಮುಚ್ಚಿಡುವುದು ಎಂಬಂತೆ ಹೇಳಿದ. “ಮೇಷ್ಟ್ರೇ ಯೋಳಿದ್ದು ಸಾ. ಮನಮನಯಿಂದ್ಲೂ ಒಂದೊಂದು ಬೊಗ್ಸ ಮೋಳೆ ಮಣ್ಣು ತಂದು, ಪೂಜ ಮಾಡಿ, ಗಾರಗ ಬೆರ್ಸಿ ಅಂದ್ರು. ನಂಗೇನು, ಬೆರಸ್ದಿ. ಉಪ್ಪ ತಗದು ಬಿಸಾಕಿರ ಮಣ್ಣಲ್ವಾ ಸಾ ಅದು, ಅದ್ರೊಳಗ ಇನ್ನೇನಿದ್ದದು?”

ಬುನಾದಿಗೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಲ್ಲರ ಕಣ್ಣೆದುರಿಗೇ ಇರಲಿ ಎಂದು ವೇದಿಕೆಯ ಗೋಡೆಗೇ ಬೆರೆಸಿದ್ದರು, ನೆಲದಿಂದ ಶುರುಮಾಡಿ ಮಣ್ಣು ಮುಗಿಯುವವರೆಗೆ. ಮುಗಿದದ್ದು ಎದೆಯ ಎತ್ತರದಲ್ಲಿ. ಬೇರೆ ಯಾವ ಊರಿನವರೂ ಮೋಳೆಯ ಮಣ್ಣನ್ನು ಮನೆ ಕೆಲಸಕ್ಕೆ ಹತ್ತಿರ ಸೇರಿಸುವುದಿಲ್ಲ. ಇವರಿಗೆ ತಮ್ಮ ಹಿರಿಯರ ಕೈಯ ಮೇಲೆ ಅಷ್ಟು ನಂಬಿಕೆ. ಅವರು ಬಸಿದು ಬಿಸಾಕಿದ ಮಣ್ಣಿನಲ್ಲಿ ಉಪ್ಪು ಉಳಿದಿರುವುದುಂಟೇ ಎಂದುಕೊಂಡಿದ್ದರು. ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಭಯ. ಇದನ್ನು ಮೇಷ್ಟ್ರಿಗೆ ಹೇಗೆ ಹೇಳುವುದು?

ಹೇಳಿದೆ. ಗೋಡೆಯ ಮುಂದೆಯೇ ನಿಂತು ಹೇಳಿದೆ. ಮೇಷ್ಟ್ರು ಒಡೆದ ಜಾಗದ ಮೇಲೆ ಅಂಗೈ ಇಟ್ಟರು.

“ಹಾಗಾದರೆ ಇದನ್ನು ಕೆಡಿಸಿದವನು ನಾನೇ. ನನ್ನ ಊರಿನ ಚಿತ್ರವನ್ನು ನಾನೇ ಅಳಿಸಿದ ಹಾಗಾಯಿತು.”

ಗಾರೆಯನ್ನು ಒಡೆದು ಹೊಸದಾಗಿ ಮಾಡಿಸಬಹುದು ಎಂದೆ. ಪ್ರತಿ ಮನೆಯ ಮಣ್ಣೂ ಅದರಲ್ಲಿದೆ, ಪೂಜೆ ಮಾಡಿದ ಮಣ್ಣನ್ನು ಒಡೆದು ತಿಪ್ಪೆಗೆ ಸುರಿಯಲು ಹೇಗೆ ಹೇಳಲಿ ಎಂದರು. ಹೇಳಿದರೂ ಹೊಸ ಗಾರೆ ಒಣಗುವಷ್ಟು ಸಮಯ ಉಳಿದಿರಲಿಲ್ಲ. ಟೈಲ್ಸ್ ಹಾಕಿಸಿಬಿಡಿ ಎಂದು ನಾನೇ ಅಧ್ಯಕ್ಷರಿಗೆ ಹೇಳುತ್ತೇನೆ ಎಂದು ಹೊರಟರು. ಬಾಗಿಲ ಹತ್ತಿರ ನಿಂತು, ನನ್ನ ಕಡೆ ತಿರುಗದೆ, ನಿಮ್ಮ ಶ್ರಮ ವ್ಯರ್ಥ ಮಾಡಿದೆ, ಕ್ಷಮಿಸಿ ಎಂದರು. ಆ ಮಾತು ನನ್ನನ್ನು ಕೊಂದುಬಿಟ್ಟಿತು.

ಆ ಮಧ್ಯಾಹ್ನವೆಲ್ಲ ಗೋಡೆ ನೋಡುತ್ತ ಕೂತೆ. ಉಪ್ಪು ಏರಿ ನಿಂತ ಜಾಗದಲ್ಲಿ ಒಂದು ಗೆರೆಯಿತ್ತು, ಅಲ್ಲಲ್ಲಿ ಉಬ್ಬು, ಅಲ್ಲಲ್ಲಿ ತಗ್ಗು. ಎಷ್ಟು ದಿನದಿಂದ ನಾನು ಆ ಗೆರೆಯ ಕೆಳಗೆ ನದಿ ಬರೆಯುತ್ತಿದ್ದೆ. ಅಲ್ಲಿ ನದಿ ಯಾಕಿರಬೇಕು? ಉಪ್ಪು ಏಳುವ ಕಡೆ ಉಪ್ಪಿನ ನೆಲವೇ ಇರಲಿ. ದೂರದ್ದನ್ನು ಹತ್ತಿರಕ್ಕೆ ತಂದು, ಹತ್ತಿರದ ನದಿಯನ್ನು ಗೆರೆಯ ಮೇಲಕ್ಕೆ ತಳ್ಳಿದರೆ ಸರಿ. ಕೆಳಗೆ ಪ್ರೈಮರ್ ಬೇಡ, ಎಣ್ಣೆ ಬೇಡ, ಎಮಲ್ಷನ್ನೂ ಬೇಡ. ಬಾಯಿ ಮುಚ್ಚಿಸುವ ಯಾವುದೂ ಬೇಡ. ಎದ್ದು ಮೇಷ್ಟ್ರ ಮನೆಗೆ ಓಡಿದೆ. ಅಧ್ಯಕ್ಷರು ಬೇರೆ ಊರಿಗೆ ಹೋಗಿದ್ದರಿಂದ ಮೇಷ್ಟ್ರು ಇನ್ನೂ ಮಾತಾಡಿರಲಿಲ್ಲ. ಉದ್ಘಾಟನೆಯ ದಿನದವರೆಗೆ ಬಾಯಿ ಬಿಡಬೇಡಿ ಎಂದು ಕೈಮುಗಿದೆ.

ನದಿಯನ್ನು ಗೆರೆಯ ಮೇಲೆ ಮತ್ತೆ ಬರೆದು, ಕೆಳಭಾಗವನ್ನು ಬರಿಯ ಗಾರೆ ಕಾಣುವವರೆಗೆ ಕೆರೆದೆ. ಸುಣ್ಣ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಕೆಮ್ಮಣ್ಣು, ಕಾವಿ, ಮಸಿ ಬೆರೆಸಿ ತೆಳ್ಳಗೆ ಬಳಿದೆ. ಗಾರೆ ಉಸಿರಾಡುವಷ್ಟು ತೆಳ್ಳಗೆ. ಮೋಳೆಯ ದಿಬ್ಬ ಒಂದು ಬದಿಗೆ, ಪಾತಿಗಳ ಬದುಗಳು ಅದರ ಮುಂದೆ, ಬಸಿಯುವ ಗುಂಡಿ, ನೆಲವೆಲ್ಲ ಕಂದು. ಹೆಂಗಸರನ್ನು ಬರೆಯಲಿಲ್ಲ. ದೂರದಲ್ಲಿ ಬೆರಳುದ್ದ ಇದ್ದಾಗ ಸುಳ್ಳು ನಡೆಯುತ್ತಿತ್ತು. ಆಳೆತ್ತರಕ್ಕೆ ಬರೆದರೆ ಅವರು ಹೇಗೆ ಕೂರುತ್ತಿದ್ದರು ಎಂಬುದು ನನಗೆ ಗೊತ್ತಿಲ್ಲ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ನೆಲ ಖಾಲಿ ಉಳಿಯಿತು. ಇನ್ನು ಉಪ್ಪು ಬರಬೇಕು, ಅಷ್ಟೆ.

ಬರಲಿಲ್ಲ. ಯುಗಾದಿ ಕಳೆಯುತ್ತಿದ್ದಂತೆ ಮೋಡ ಕವಿದು ಒಂದೆರಡು ಮಳೆ ಬಿತ್ತು. ಗಾಳಿಯಲ್ಲೇ ತೇವ ಸೇರಿಕೊಂಡು ಗೋಡೆ ಕಪ್ಪಗೆ ಒದ್ದೆಯಾಗಿ ಕೂತಿತು. ಬೇಡ ಬೇಡವೆಂದರೂ ಬಂದು ನನ್ನ ನದಿಯನ್ನು ತಿಂದ ಉಪ್ಪು, ಬಾ ಎಂದು ಕರೆದರೆ ಗಾರೆಯೊಳಗೇ ಕರಗಿ ಕೂತಿತ್ತು. ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಸಿಕ್ಕಿದ ದೇವರಿಗೆಲ್ಲ ಹರಕೆ ಹೊತ್ತೆ. ಅಧ್ಯಕ್ಷರು ಬಂದು ಕಂದು ಗೋಡೆ ನೋಡಿ, ಬಣ್ಣ ತೀರಿಹೋಯಿತೇ ಎಂದು ಕೇಳಿದರು. ಉದ್ಘಾಟನೆ ಮುಗಿದ ಮಾರನೆಯ ವಾರಕ್ಕೆ ಟೈಲ್ಸ್ ಕೂರಿಸುವವರನ್ನು ಗೊತ್ತು ಮಾಡಿದ್ದಾಗಿದೆ ಎಂದರು. ಮೇಷ್ಟ್ರು ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಮೋಡ ಹರಿದು ಸುಡುವ ಬಿಸಿಲು ಬಿತ್ತು. ಮಾರನೆಯ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಭವನದಲ್ಲಿ ಆಗಲೇ ಜನ ತುಂಬಿದ್ದರು. ವೇದಿಕೆಯ ಹಿಂದೆ, ಈ ತುದಿಯಿಂದ ಆ ತುದಿಯವರೆಗೆ, ನನ್ನ ಕಂದು ನೆಲದ ಮೇಲೆ ಬಿಳಿ ಉಪ್ಪು ಎದ್ದಿತ್ತು. ಪಾತಿಗಳಲ್ಲಿ ದಪ್ಪಗೆ, ದಿಬ್ಬದ ಮೇಲೆ ತೆಳ್ಳಗೆ. ನನಗಾದದ್ದು ಸಂತೋಷವೋ ಹೆದರಿಕೆಯೋ ಈಗಲೂ ಹೇಳಲಾರೆ. ಅಧ್ಯಕ್ಷರು ನನಗಿಂತ ಮೊದಲೇ ನೋಡಿದ್ದರು. ಮಂತ್ರಿಗಳ ಕಾರು ನಂಜನಗೂಡು ಬಿಟ್ಟಿತ್ತಂತೆ. ಬೂಷ್ಟು ಹಿಡಿದ ಹಾಗಿದೆ, ಒದ್ದೆ ಬಟ್ಟೆ ತಂದು ಒರೆಸಿ ಎಂದು ಆಳಿಗೆ ಕೂಗಿ ಹೇಳಿದರು.

ಆಗ ಮೇಷ್ಟ್ರು ಎದ್ದರು. ಮೈಕಿಲ್ಲದೆ, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ, ಎಲ್ಲವನ್ನೂ ಹೇಳಿದರು. ಅದು ಬೂಷ್ಟಲ್ಲ, ಉಪ್ಪು. ನಿಮ್ಮ ನಿಮ್ಮ ಮನೆಯಿಂದ ನೀವು ತಂದ ಮಣ್ಣಿನದು. ಗಾರೆಗೆ ಬೆರೆಸಲು ಹೇಳಿದವನು ನಾನು, ಗೋಡೆ ಕೆಟ್ಟದ್ದು ನನ್ನಿಂದ, ಚಿತ್ರಕಾರರದು ತಪ್ಪಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೇಷ್ಟ್ರು ವೇದಿಕೆ ಹತ್ತಿ, ಬಟ್ಟೆ ತಂದವನ ಕೈಯಿಂದ ಅದನ್ನು ತೆಗೆದುಕೊಂಡು, ಒರೆಸುವುದಕ್ಕೆ ಗೋಡೆಯ ಕಡೆ ತಿರುಗಿದರು. ಅವರ ಕೈ ಮೇಲೇಳಲಿಲ್ಲ.

ಮಂತ್ರಿಗೆ ಆರತಿ ಎತ್ತುವ ಹೆಂಗಸರು ತಟ್ಟೆ ಹಿಡಿದು ಮುಂದೆ ಕೂತಿದ್ದರು. ಅವರಲ್ಲಿ ಮೇಷ್ಟ್ರ ಅಕ್ಕ ಒಬ್ಬರು. ಎದ್ದು ನಿಧಾನವಾಗಿ ವೇದಿಕೆ ಹತ್ತಿದರು. ತಟ್ಟೆಯಲ್ಲಿದ್ದ ದೀಪ, ಹೂವು, ಕುಂಕುಮ ತೆಗೆದು ಪಕ್ಕಕ್ಕಿಟ್ಟರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಬುಡದಲ್ಲಿ ಒಂದು ಮಂಡಿ ಊರಿ, ಇನ್ನೊಂದನ್ನು ಎದೆಗೆ ಒತ್ತಿ ಕೂತರು. ಬಗ್ಗಿ ನಿಲ್ಲುವುದೂ ಅಲ್ಲ, ಕುಕ್ಕರಗಾಲೂ ಅಲ್ಲ. ಎಡಗೈಯಲ್ಲಿ ತಟ್ಟೆ ಹಿಡಿದು, ಬಲಗೈಯ ಅಂಚಿನಿಂದ, ಮೇಲಿನ ಪದರ ಮಾತ್ರ ಬರುವ ಹಾಗೆ ಕೆರೆಯತೊಡಗಿದರು. ಉಪ್ಪಿನ ಜೊತೆ ನನ್ನ ಸುಣ್ಣವೂ ಕಾವಿಯೂ ಅಷ್ಟಿಷ್ಟು ಉದುರುತ್ತಿತ್ತು.

“ಅವ್ವಾ, ಇಳೀರಿ. ಮಂತ್ರಿಗೋಳು ಬತ್ತಾವ್ರ,” ಎಂದರು ಅಧ್ಯಕ್ಷರು.

ಮೇಷ್ಟ್ರ ಅಕ್ಕ ತಿರುಗಲಿಲ್ಲ. “ಬರ್ಲಿ ಬುಡಪ್ಪ. ಅವರೂ ಉಪ್ಪೇ ತಿನ್ನದು.”

ಈ ಸಲ ಯಾರೂ ನಗಲಿಲ್ಲ. ಅಧ್ಯಕ್ಷರು ಸ್ವಲ್ಪ ಹೊತ್ತು ನಿಂತು ನೋಡಿ, ಮೂಲೆಯಲ್ಲಿ ಒರಗಿಸಿದ್ದ ಟೈಲ್ಸಿನ ಸ್ಯಾಂಪಲನ್ನು ತಾವೇ ಎತ್ತಿ ಒಳಕೋಣೆಗೆ ಇಟ್ಟು ಬಂದರು. ಟೈಲ್ಸಿನ ಮಾತನ್ನು ಅವರು ಆಮೇಲೆ ಎತ್ತಲಿಲ್ಲ. ಮೇಷ್ಟ್ರ ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ಅದನ್ನು ಕೆಳಗೆ ಹಾಕಿ ಅಕ್ಕನ ಪಕ್ಕ ಮಂಡಿಯೂರಿದರು. ಮೋಳೆಯ ದಿಬ್ಬದ ಕಡೆಗೆ ಬೆರಳು ತೋರಿಸಿದರು.

“ಅಕ್ಕ, ಆ ಕಡಗೂ ಅದ ಕನ. ಇನ್ನೂ ಅದ.”